ಗೋದಿಯ ನಾಡಿನ ಮುಂದಾಳು: ಇ. ಎ. ಪಾರ್ಟ್ರಿಜ್

ಹಿರಿಯರ ಜೀವನಚರಿತ್ರೆಯನ್ನು ಬರೆಯಹೊರಟವರು ರಾಜರನ್ನೋ, ದಂಡನಾಯಕರನ್ನೋ, ಕವಿಗಳನ್ನೋ, ವಿಜ್ಞಾನಿಗಳನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾನು ಈ ಸಲ ಒಬ್ಬ ರೈತನ ಕಥೆಯನ್ನು ಹೇಳಬೇಕೆಂದಿದ್ದೇನೆ. ಆತನು ನಮ್ಮ ದೇಶದವನಲ್ಲ. ಕೆನಡಾ ದೇಶದ ಪಶ್ಚಿಮ ಬಯಲಿನಲ್ಲಿ ಗೋದಿ ಬೆಳೆದವನು. ತೀರಿಕೊಂಡು ತೊಂಬತ್ತು ವರ್ಷಗಳ ಮೇಲಾಯಿತು. ಆ ಸೀಮೆಯ ಚರಿತ್ರೆ ಬಲ್ಲವರಿಗೆ ಆತನ ಹೆಸರು ಚಿರಪರಿಚಿತ. ನಮ್ಮಲ್ಲಿ ಕೇಳಿದವರು ವಿರಳ. ಇಷ್ಟು ದೂರದ ಮನುಷ್ಯನನ್ನು ನಾನೇಕೆ ಆರಿಸಿಕೊಂಡೆನೆಂಬುದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿ ಮುಂದುವರಿಯುತ್ತೇನೆ.

ಮೂರು ವರ್ಷಗಳ ಹಿಂದೆ, ಪಿ.ಯು.ಸಿ. ಪರೀಕ್ಷೆ ಮುಗಿದ ವಾರ, ಅಪ್ಪನೊಡನೆ ಕಡಲೆ ಮಾರಲು ಪೇಟೆಗೆ ಹೋಗಿದ್ದೆ. ಗದಗ ತಾಲೂಕಿನ ಎರೆಹೊಲದಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ ಬಿಟ್ಟರೆ ನಮಗೆ ಬೇರೆ ಬೆಳೆಯಿಲ್ಲ. ಆ ವರ್ಷ ಹನ್ನೆರಡು ಚೀಲ ಬಂದಿತ್ತು. ಅಡತಿ ಅಂಗಡಿಯವರು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ, ಎರಡು ಕಾಳು ಕಡಿದು, ದರ ಹೇಳಿದರು. ತೂಕವಾಯಿತು. ಕಸಕ್ಕೆಂದು ಇಷ್ಟು, ತೇವಕ್ಕೆಂದು ಇಷ್ಟು, ಹಮಾಲಿಗೆಂದು ಇಷ್ಟು ಕಳೆದು ಒಂದು ಚೀಟಿ ಕೊಟ್ಟರು. ಅಪ್ಪ ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಕೈಗೆ ಕೊಟ್ಟು ಓದೆಂದ. ಓದಿದಾಗ ಚೀಲವೊಂದಕ್ಕೆ ಒಂದೂವರೆ ಕಿಲೋದಂತೆ ತೂಕ ಹಿಡಿದಿರುವುದು ತಿಳಿಯಿತು. ನಾನು ಸಿಟ್ಟಿನಿಂದ, ಇಳಿದು ಹೋಗಿ ಕೇಳೋಣವೆಂದೆ. ಅಪ್ಪ ಕಿಟಕಿಯ ಆಚೆ ನೋಡುತ್ತ, ಬೀಜ ಗೊಬ್ಬರದ ದುಡ್ಡು ಅದೇ ಅಂಗಡಿಯಿಂದ ಬಂದದ್ದು, ನಿನ್ನ ಕಾಲೇಜಿನ ಫೀಜೂ ಅಲ್ಲಿಂದಲೇ ಬರಬೇಕು ಎಂದ. ನಾನು ಬಾಯಿ ಮುಚ್ಚಿಕೊಂಡೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆ ಮೆಟ್ಟಿಲನ್ನು ಹತ್ತಿದ್ದು ಆ ಒಂದೂವರೆ ಕಿಲೋದ ಮೇಲೆ ಕಾಲಿಟ್ಟು ಎಂಬ ಮಾತು ಅಂದಿನಿಂದ ಮನಸ್ಸಿನಿಂದ ಹೋಗಿಲ್ಲ.

ಮುಂದೆ ಅರ್ಥಶಾಸ್ತ್ರದ ತರಗತಿಗಾಗಿ ಸಹಕಾರ ಚಳವಳಿಯ ಚರಿತ್ರೆಯನ್ನು ಓದುತ್ತಿದ್ದಾಗ ಎಡ್ವರ್ಡ್ ಅಲೆಕ್ಸಾಂಡರ್ ಪಾರ್ಟ್ರಿಜ್ ಎಂಬ ಹೆಸರು ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಆ ಹೆಸರಿಗೆ ಕೌಜುಗ ಹಕ್ಕಿಯೆಂದು ಅರ್ಥ. ಹಕ್ಕಿಯ ಹೆಸರಿನ ಈ ಮನುಷ್ಯನು ತನ್ನ ಊರಿನ ರೈತರ ಪರವಾಗಿ ಕೇಳಿದ್ದು ಅಂದು ಬಸ್ಸಿನಲ್ಲಿ ನಾನು ಕೇಳಲಾರದೆ ಹೋದ ಪ್ರಶ್ನೆಯನ್ನೇ: ನಮ್ಮ ಕಾಳನ್ನು ತೂಗುವವನು ಯಾರು, ದರ ಕಟ್ಟುವವನು ಯಾರು, ಅವನನ್ನು ಕೇಳುವವರು ಯಾರು?

ಪಾರ್ಟ್ರಿಜನು ಹುಟ್ಟಿದ್ದು 1861ರಲ್ಲಿ, ಕೆನಡಾದ ಪೂರ್ವಭಾಗದ ಒಂಟಾರಿಯೋ ಪ್ರಾಂತದಲ್ಲಿ, ಬ್ಯಾರಿ ಎಂಬ ಪಟ್ಟಣದ ಸಮೀಪದ ಹಳ್ಳಿಯಲ್ಲಿ. ಓದು ಮುಗಿಸಿ ಶಾಲಾಮಾಸ್ತರನಾದನು. ಆಗ ದೇಶದ ತರುಣರ ಕಣ್ಣೆಲ್ಲ ಪಶ್ಚಿಮದ ಕಡೆಗಿತ್ತು. ಅಲ್ಲಿ ಪ್ರೇರಿ ಎಂದು ಕರೆಯುವ ಹುಲ್ಲಿನ ಬಯಲು ನೂರಾರು ಮೈಲಿ ಹಬ್ಬಿದೆ. ಮರಗಳು ವಿರಳ, ಬೆಟ್ಟಗಳು ಇಲ್ಲವೆನ್ನುವಷ್ಟು ಕಡಿಮೆ; ಬೇಸಗೆ ಚಿಕ್ಕದು, ಚಳಿಗಾಲ ದೀರ್ಘವಾದುದು, ಮೈ ಕೊರೆಯುವಂತಹುದು. 1872ರ ಒಂದು ಕಾಯದೆಯಂತೆ, ಹತ್ತು ಡಾಲರು ಶುಲ್ಕ ಕಟ್ಟಿ, ಮೂರು ವರ್ಷ ಅಲ್ಲಿಯೇ ವಾಸವಾಗಿದ್ದು, ನೆಲ ಒಡೆದು ಸಾಗುವಳಿ ಮಾಡಿದವನಿಗೆ 160 ಎಕರೆ ಭೂಮಿ ದೊರೆಯುತ್ತಿತ್ತು. ಕೆನಡಿಯನ್ ಪೆಸಿಫಿಕ್ ಕಂಪನಿಯ ರೈಲುಹಳಿ 1882ರಲ್ಲಿ ರಿಜೈನಾ ಎಂಬ ಸ್ಥಳವನ್ನು ಮುಟ್ಟಿತು. ಮರುವರ್ಷ, 1883ರ ಕೊನೆಯಲ್ಲಿ, ಪಾರ್ಟ್ರಿಜನು ಆ ಹಳಿಯ ಜಾಡು ಹಿಡಿದು ಪಶ್ಚಿಮಕ್ಕೆ ಬಂದು, ರಿಜೈನಾದಿಂದ ಸುಮಾರು 80 ಕಿಲೋಮೀಟರು ಪೂರ್ವಕ್ಕಿರುವ ಸಿಂಟಲೂಟದ ಬಳಿ ನೆಲ ಹಿಡಿದನು. ಕೈಯಲ್ಲಿ ದುಡ್ಡಿರಲಿಲ್ಲ. ಹೊಲ ಒಂದು ದಾರಿಗೆ ಬರುವವರೆಗೆ ಪುನಃ ಶಾಲೆಯಲ್ಲಿ ಪಾಠ ಹೇಳಿಯೇ ಹೊಟ್ಟೆ ಹೊರೆಯಬೇಕಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಆ ನೆಲ ಯಾರೂ ಇಲ್ಲದ ಬರಿ ಬಯಲಾಗಿರಲಿಲ್ಲ. ಸಿಂಟಲೂಟ ಎಂಬ ಹೆಸರೇ ಅಲ್ಲಿಯ ಮೂಲನಿವಾಸಿಗಳ ನುಡಿಯಿಂದ ಬಂದದ್ದು. ಕೆಂಪು ನರಿಯ ಬಾಲ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. 1874ರಲ್ಲಿ ಸರಕಾರವು ಒಪ್ಪಂದವೊಂದನ್ನು ಮಾಡಿಕೊಂಡು ಆ ಜನರನ್ನು ಮೀಸಲು ನೆಲದ ತುಣುಕುಗಳಿಗೆ ಸರಿಸಿತು. 1885ರಲ್ಲಿ ಲೂಯಿ ರಿಯೆಲ್ ಎಂಬ ನಾಯಕನ ಹಿಂದೆ ಮೇಟಿ ಜನರು ಸರಕಾರದ ವಿರುದ್ಧ ಎದ್ದಾಗ ತರುಣ ಪಾರ್ಟ್ರಿಜನು ಸರಕಾರದ ಪರವಾದ ಸ್ಥಳೀಯ ಪಡೆಯಲ್ಲಿದ್ದನು. ಆಮೇಲಿನ ವರ್ಷಗಳಲ್ಲಿ ಮೂಲನಿವಾಸಿ ರೈತನೊಬ್ಬನು ತಾನು ಬೆಳೆದ ಧಾನ್ಯವನ್ನು ಮಾರಬೇಕಾದರೆ ಸರಕಾರಿ ಅಧಿಕಾರಿಯ ಪರವಾನಗಿ ಚೀಟಿ ಪಡೆಯಬೇಕಾಗಿತ್ತು. ಗೋದಿ ಬೆಳೆಗಾರರ ಹೋರಾಟದ ಕಥೆಯನ್ನು ಮೆಚ್ಚುವಾಗ, ಆ ಹೋರಾಟದ ಬೇಡಿಕೆಗಳಲ್ಲಿ ಈ ನೆರೆಯವರ ಚೀಟಿಯ ಮಾತು ಇರಲಿಲ್ಲವೆಂಬುದನ್ನೂ ನೆನಪಿಡಬೇಕು. ತನ್ನ ತಕ್ಕಡಿಯ ಮೋಸ ಕಂಡವನಿಗೂ ಪಕ್ಕದವನ ತಕ್ಕಡಿ ಕಾಣದೆ ಹೋಗುವುದುಂಟು.

ಈಗ ಆ ತಕ್ಕಡಿಯ ವಿಚಾರ. ಪ್ರೇರಿಯ ಪ್ರತಿಯೊಂದು ರೈಲು ನಿಲ್ದಾಣದ ಬಳಿಯಲ್ಲಿಯೂ ಎಲಿವೇಟರ್ ಎಂದು ಕರೆಯುವ ಎತ್ತರದ ಮರದ ಕಣಜವೊಂದು ಇರುತ್ತಿತ್ತು. ರೈತನು ಕುದುರೆಬಂಡಿಯಲ್ಲಿ ಗೋದಿ ತಂದರೆ, ಬಂಡಿ ಸಮೇತ ತೂಗಿ, ಕಾಳನ್ನು ಕೆಳಗಿನ ಗುಂಡಿಗೆ ಸುರಿಯುತ್ತಿದ್ದರು. ಪಟ್ಟಿಗೆ ಕಟ್ಟಿದ ಬುಟ್ಟಿಗಳು ಅದನ್ನು ಮೇಲಕ್ಕೆ ಒಯ್ದು ಗೂಡುಗಳಿಗೆ ತುಂಬುತ್ತಿದ್ದವು. ಅಲ್ಲಿಂದ ಕೊಳವೆಯ ಮೂಲಕ ರೈಲಿನ ವ್ಯಾಗನ್ನಿಗೆ ಇಳಿಸಿದರಾಯಿತು. ಯಂತ್ರವೇನೋ ಚೆನ್ನಾದುದೇ. ಆದರೆ ತೂಕ ಹೇಳುವವನು, ಕಾಳಿನ ದರ್ಜೆ ಕಟ್ಟುವವನು, ಕಸಕ್ಕೆಂದು ಎಷ್ಟು ಕಳೆಯಬೇಕೆಂದು ತೀರ್ಮಾನಿಸುವವನು, ಹಣ ಎಣಿಸಿ ಕೊಡುವವನು ಎಲ್ಲ ಒಬ್ಬನೇ. ಅವನು ಕೊಳ್ಳುವ ಕಂಪನಿಯ ಆಳು. ಒಂದು ದರ್ಜೆ ಕೆಳಗೆ ಬರೆದರೆ ರೈತನ ವರ್ಷದ ಲಾಭ ಹಾರಿಹೋಗುತ್ತಿತ್ತು. ಬಹುಪಾಲು ಎಲಿವೇಟರುಗಳು ಕೆಲವೇ ಕಂಪನಿಗಳ ಕೈಯಲ್ಲಿದ್ದವು. ಇಪ್ಪತ್ತೈದು ಸಾವಿರ ಬುಷೆಲ್ ಹಿಡಿಯುವ ಎಲಿವೇಟರ್ ಕಟ್ಟಿದವರಿಗೆ ರೈಲು ಕಂಪನಿಯು ಆ ನಿಲ್ದಾಣದ ಧಾನ್ಯವನ್ನೆಲ್ಲ ಬಿಟ್ಟುಕೊಟ್ಟು, ಚಿಕ್ಕ ಉಗ್ರಾಣಗಳಿಗೂ ರೈತರಿಗೂ ನೇರವಾಗಿ ವ್ಯಾಗನ್ ಕೊಡದೆ ಹೋಯಿತು. ಬುಷೆಲ್ ಎಂದರೆ ಗೋದಿಯ ಲೆಕ್ಕದಲ್ಲಿ ಸುಮಾರು 27 ಕಿಲೋ. ಹೊಲ ರೈತನದು, ಬೆವರು ರೈತನದು. ದಾರಿ ಮಾತ್ರ ಬೇರೆಯವರದು.

ದೂರುಗಳು ಹೆಚ್ಚಾಗಿ, 1899ರಲ್ಲಿ ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. 1900ರಲ್ಲಿ ಮ್ಯಾನಿಟೋಬಾ ಧಾನ್ಯ ಕಾಯದೆ ಬಂದಿತು. ರೈತನು ತಾನೇ ಕಟ್ಟೆಯ ಮೇಲಿಂದ ವ್ಯಾಗನ್ನಿಗೆ ಕಾಳು ತುಂಬಬಹುದೆಂಬ ಹಕ್ಕು ಕಾಗದದ ಮೇಲೆ ದೊರೆಯಿತು. 1901ರಲ್ಲಿ ಹಿಂದೆಂದೂ ಕಾಣದಂತಹ ಸುಗ್ಗಿಯಾಯಿತು; ಆದರೆ ವ್ಯಾಗನ್ನುಗಳು ಸಾಲದೆ, ಇದ್ದವು ಎಲಿವೇಟರುಗಳಿಗೆ ಹೋಗಿ, ಗೋದಿ ರಾಶಿ ರಾಶಿಯಾಗಿ ಹಿಂದೆ ಉಳಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಿಂಟಲೂಟದ ಪಕ್ಕದ ಇಂಡಿಯನ್ ಹೆಡ್ ಎಂಬ ಊರಿನಲ್ಲಿ ರೈತರು ಸಭೆ ಸೇರಿ ಧಾನ್ಯ ಬೆಳೆಗಾರರ ಸಂಘವನ್ನು ಕಟ್ಟಿದರು. ಡಬ್ಲ್ಯು. ಆರ್. ಮದರ್‌ವೆಲ್ ಎಂಬ ರೈತ ಅದರ ಮುಖ್ಯಸ್ಥನಾದನು. ಸಿಂಟಲೂಟದ ಕಡೆಯಿಂದ ಮುಂದೆ ನಿಂತವರಲ್ಲಿ ಪಾರ್ಟ್ರಿಜನು ಒಬ್ಬನು. ಕೇಳಿದವರಿಗೆ ಸರದಿಯ ಪ್ರಕಾರವೇ ವ್ಯಾಗನ್ ಕೊಡಬೇಕೆಂದು 1902ರಲ್ಲಿ ಕಾಯದೆ ತಿದ್ದುಪಡಿಯಾಯಿತು. ಅದೂ ನಡೆಯದಿದ್ದಾಗ ಸಂಘದವರು ಸಿಂಟಲೂಟದ ಸ್ಟೇಷನ್ ಅಧಿಕಾರಿಯ ಮೇಲೆಯೇ ಮೊಕದ್ದಮೆ ಹೂಡಿದರು. ನ್ಯಾಯಾಲಯವು ಅವನಿಗೆ 50 ಡಾಲರು ದಂಡ ಹಾಕಿತು. ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ದಂಡ ಸಣ್ಣದು. ಆದರೆ ದೇಶದಲ್ಲಿಯೇ ಬಲಾಢ್ಯವಾದ ರೈಲು ಕಂಪನಿಯೂ ಕಾನೂನಿಗೆ ಹೊರತಲ್ಲವೆಂದು ಹಳ್ಳಿಯ ಜನ ಕಣ್ಣಾರೆ ಕಂಡರು.

ವ್ಯಾಗನ್ ಸಿಕ್ಕಿತು, ಗೋದಿ ಊರು ಬಿಟ್ಟಿತು. ಮುಂದೆ? ಅದರ ಬೆಲೆ ನಿಶ್ಚಯವಾಗುತ್ತಿದ್ದುದು ಸಿಂಟಲೂಟದಿಂದ ಸುಮಾರು 500 ಕಿಲೋಮೀಟರು ದೂರದ ವಿನಿಪೆಗ್ ನಗರದ ಧಾನ್ಯ ವಿನಿಮಯ ಕೇಂದ್ರದಲ್ಲಿ. 1887ರಲ್ಲಿ ಸ್ಥಾಪಿತವಾದ ಆ ಕೇಂದ್ರದಲ್ಲಿ ವರ್ತಕರೇ ಸದಸ್ಯರು. ಸುಗ್ಗಿಯಲ್ಲಿ ಸಾಲ ತೀರಿಸಲು ಎಲ್ಲರೂ ಒಮ್ಮೆಲೆ ಮಾರುವಾಗ ಬೆಲೆ ಇಳಿಯುತ್ತದೆ. ರೈತನ ಕಣಜ ಬರಿದಾದ ಮೇಲೆ ಏರುತ್ತದೆ. ಇದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಅಲ್ಲಿ ನಡೆಯುವುದೇನೆಂದು ಕಣ್ಣಿಂದ ನೋಡಿಬರಲು ಸಿಂಟಲೂಟದ ರೈತರು 1905ರ ಜನವರಿಯಲ್ಲಿ ಪಾರ್ಟ್ರಿಜನನ್ನು ವಿನಿಪೆಗ್ಗಿಗೆ ಕಳುಹಿಸಿದರು. ಒಂದು ತಿಂಗಳ ಕಾಲ ಆತನು ಆ ನಗರದಲ್ಲಿದ್ದು, ವರ್ತಕರ ಕಚೇರಿಗಳ ಬಾಗಿಲುಗಳನ್ನು ತಟ್ಟಿದನು. ಹೊಲದ ಮಣ್ಣಿನ ಬೂಟಿನವನಿಗೆ ಅಲ್ಲಿ ಆದರವೇನೂ ದೊರೆಯಲಿಲ್ಲ. ಇಡೀ ಕೇಂದ್ರವು ಕಿಟಕಿ ಬಾಗಿಲು ಮುಚ್ಚಿಕೊಂಡ ಮನೆಯಂತೆ ಆತನಿಗೆ ಕಂಡಿತು. ಮರಳಿ ಬಂದು ಊರವರಿಗೆ ಆತನು ತಿಳಿಸಿದ ಅಭಿಪ್ರಾಯ ಸರಳವಾಗಿತ್ತು: ದೂರು ಹೇಳಿ ಫಲವಿಲ್ಲ, ರೈತರು ತಮ್ಮದೇ ಕಂಪನಿಯನ್ನು ಕಟ್ಟಿ, ಆ ಮನೆಯೊಳಗೆ ತಾವೂ ಒಂದು ಕುರ್ಚಿ ಹಾಕಿಕೊಳ್ಳಬೇಕು.

1905 ಎಂಬ ವರ್ಷವನ್ನು ಓದಿದಾಗ ನನ್ನ ಮನಸ್ಸು ಒಂದು ಕ್ಷಣ ನಿಂತಿತು. ಅದೇ ವರ್ಷ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಭಾರತದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. 1904ರ ಸಹಕಾರ ಕಾಯದೆ ಬಂದ ಮರುವರ್ಷದ ಮಾತು ಅದು. ಸಿಂಟಲೂಟದವರಿಗೆ ಕಣಗಿನಹಾಳದ ಹೆಸರು ತಿಳಿದಿರಲಾರದು. ಕಣಗಿನಹಾಳದವರಿಗೂ ಸಿಂಟಲೂಟದ ಸುದ್ದಿ ಮುಟ್ಟಿರಲಾರದು. ಆದರೂ ಭೂಮಿಯ ಎರಡು ತುದಿಗಳಲ್ಲಿ, ಒಂದೇ ವರ್ಷದಲ್ಲಿ, ಹಳ್ಳಿಯವರು ಒಂದೇ ಉಪಾಯಕ್ಕೆ ಕೈಹಚ್ಚಿದರು. ಇಲ್ಲಿ ಸಾಲದ ಹೊರೆಗೆ, ಅಲ್ಲಿ ಮಾರಾಟದ ಮೋಸಕ್ಕೆ.

1906ರ ಜನವರಿ ಕೊನೆಯಲ್ಲಿ ಸಿಂಟಲೂಟದಲ್ಲಿ ಸಭೆ ಸೇರಿ ಕಂಪನಿಯ ಬೀಜ ನೆಟ್ಟರು. ಧಾನ್ಯ ಬೆಳೆಗಾರರ ಧಾನ್ಯ ಕಂಪನಿ ಎಂದು ಹೆಸರಿಟ್ಟರು. ಷೇರೊಂದಕ್ಕೆ 25 ಡಾಲರು. ಒಬ್ಬನಿಗೆ ನಾಲ್ಕಕ್ಕಿಂತ ಹೆಚ್ಚು ಷೇರುಗಳಿಲ್ಲ. ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಹಣವಂತನು ಸಂಸ್ಥೆಯನ್ನು ನುಂಗದಂತೆ ಹಾಕಿದ ಬೇಲಿಗಳಿವು. ವಿನಿಮಯ ಕೇಂದ್ರದ ಸದಸ್ಯತ್ವಕ್ಕೆ 2,500 ಡಾಲರು ಕೊಡಬೇಕಾಗಿತ್ತು. ಕೂಡಿಸಿದ ಹಣ ಸಾಲದಾಗಲು ಸಿಂಟಲೂಟದ ಕೆಲವು ರೈತರು ತಮ್ಮ ಸ್ವಂತ ಜಾಮೀನಿನ ಮೇಲೆ ಸಾಲ ಎತ್ತಿಕೊಟ್ಟರು. ಪಾರ್ಟ್ರಿಜನು ಅಧ್ಯಕ್ಷನಾದನು. ಸೆಪ್ಟೆಂಬರಿನಲ್ಲಿ ವಿನಿಪೆಗ್ಗಿನ ಒಂದು ಸಣ್ಣ ಬಾಡಿಗೆ ಕೋಣೆಯಲ್ಲಿ ವ್ಯಾಪಾರ ಮೊದಲಾಯಿತು. ಊರೂರುಗಳಿಂದ ರೈತರ ವ್ಯಾಗನ್ನುಗಳು ಬರತೊಡಗಿದವು.

ಎರಡು ತಿಂಗಳು ತುಂಬುವುದರೊಳಗೆ ಪೆಟ್ಟು ಬಿತ್ತು. ವರ್ಷದ ಕೊನೆಗೆ ಉಳಿದ ಲಾಭವನ್ನು, ಯಾರು ಎಷ್ಟು ಧಾನ್ಯ ತಂದರೋ ಆ ಪ್ರಮಾಣದಲ್ಲಿ ರೈತರಿಗೆ ಹಂಚುವುದೆಂದು ಕಂಪನಿಯು ಸುತ್ತೋಲೆ ಹೊರಡಿಸಿತ್ತು. ಸಹಕಾರದ ಮೂಲತತ್ತ್ವವೇ ಅದು. ವಿನಿಮಯ ಕೇಂದ್ರದವರು, ಇದರಿಂದ ದಲ್ಲಾಳಿಯನ್ನು ಕಡಿಮೆ ಮಾಡಿದಂತಾಯಿತು, ಇದು ನಿಯಮಕ್ಕೆ ವಿರುದ್ಧ ಎಂದು ಹೇಳಿ ಕಂಪನಿಯನ್ನು ಹೊರಗೆ ಹಾಕಿದರು. ಹೊರಗೆ ಹಾಕಿದವರೊಡನೆ ಉಳಿದ ಸದಸ್ಯರು ವ್ಯಾಪಾರ ಮಾಡುವಂತಿರಲಿಲ್ಲ. ವ್ಯಾಗನ್ನುಗಳು ಬರುತ್ತಲೇ ಇವೆ, ಕೊಳ್ಳುವವರಿಲ್ಲ. ರೈತರಿಗೆ ಮುಂಗಡ ಕೊಟ್ಟು ಕೊಟ್ಟು ಬ್ಯಾಂಕಿನ ಸಾಲ ಬೆಳೆಯುತ್ತಿದೆ. ನಿರ್ದೇಶಕರು ತಮ್ಮ ಹೊಲಮನೆಗಳನ್ನು ಪಣಕ್ಕೊಡ್ಡಿದಂತೆ ಸ್ವಂತ ಹೊಣೆಯ ಮೇಲೆ ಸಹಿ ಮಾಡಿದರು. ಆ ಬಿಕ್ಕಟ್ಟಿನಲ್ಲಿ ಸ್ಕಾಟ್ಲೆಂಡಿನ ಸಹಕಾರಿ ಸಗಟು ಸಂಘದವರು ಇವರಿಂದ ಗೋದಿ ಕೊಂಡದ್ದು ದೊಡ್ಡ ಆಸರೆಯಾಯಿತು. ಅಟ್ಲಾಂಟಿಕ್ ಸಾಗರದ ಆಚೆಯ ಕೂಲಿಕಾರರು ಕಾಸು ಕಾಸು ಕೂಡಿಸಿ ಕಟ್ಟಿದ ಸಂಘವು ಈಚೆಯ ರೈತರ ಕೈ ಹಿಡಿಯಿತು ಎಂಬ ಈ ಸಂಗತಿ ನನಗೆ ಇಡೀ ಕಥೆಯಲ್ಲಿಯೇ ಪ್ರಿಯವಾದುದು.

ಈ ನಡುವೆ ಪಾರ್ಟ್ರಿಜನೂ ಸಂಘದವರೂ ಮ್ಯಾನಿಟೋಬಾ ಪ್ರಾಂತದ ಸರಕಾರದ ಮುಂದೆ ದೂರನ್ನು ಒಯ್ದರು. ರೈತರ ಮತಗಳ ಬಲವನ್ನು ಬಲ್ಲ ಸರಕಾರವು ಕೇಂದ್ರದವರಿಗೆ ಎಚ್ಚರಿಕೆ ಕೊಟ್ಟಿತು. 1907ರ ಏಪ್ರಿಲಿನಲ್ಲಿ ಕಂಪನಿಗೆ ಪುನಃ ಪ್ರವೇಶ ದೊರೆಯಿತು. ಆದರೆ ಅದಕ್ಕೆ ಬೆಲೆ ತೆರಬೇಕಾಯಿತು: ಧಾನ್ಯದ ಪ್ರಮಾಣದಲ್ಲಿ ಲಾಭ ಹಂಚುವ ಮಾತನ್ನು ಕೈಬಿಡಬೇಕಾಯಿತು. ಅದೇ ವರ್ಷ ಪಾರ್ಟ್ರಿಜನು ಅಧ್ಯಕ್ಷ ಪದವಿಯನ್ನು ಬಿಟ್ಟನು. ಟಿ. ಎ. ಕ್ರೆರಾರ್ ಎಂಬ ತರುಣ ಆ ಸ್ಥಾನಕ್ಕೆ ಬಂದನು. ಮೊದಲನೆಯ ವರ್ಷದ ಲೆಕ್ಕ ಮುಗಿಸಿದಾಗ ಕಂಪನಿಯು 23 ಲಕ್ಷ ಬುಷೆಲಿಗಿಂತ ಹೆಚ್ಚು ಧಾನ್ಯವನ್ನು ಸಾಗಿಸಿತ್ತು. ಎಲ್ಲ ಕಳೆದು ಉಳಿದ ಲಾಭ 790 ಡಾಲರು. ಅಷ್ಟು ಹೊಡೆತಗಳ ನಡುವೆ ಮುಳುಗದೆ ಉಳಿದುದೇ ದೊಡ್ಡ ಲಾಭ.

ಪಾರ್ಟ್ರಿಜನು ಹೋದದ್ದು ಸೋತು ಹೋದಂತೆಯೋ, ಜಾಣತನದಿಂದಲೋ ಎಂದು ನಾನು ಬಹಳ ಯೋಚಿಸಿದ್ದೇನೆ. ಆತನ ಸ್ವಭಾವ ಕಿಡಿಯಂತಹದು. ಬೆಂಕಿ ಹಚ್ಚುವುದು ಬಲ್ಲ. ಅದರ ಮೇಲೆ ಪಾತ್ರೆಯಿಟ್ಟು, ಉರಿ ಹೆಚ್ಚು ಕಡಿಮೆ ಮಾಡಿ ಅಡಿಗೆ ಮಾಡುವ ತಾಳ್ಮೆ ಕಡಿಮೆ. 1908ರಲ್ಲಿ ರೈತರ ಪತ್ರಿಕೆಯೊಂದು ಹೊರಟಾಗ ಆತನೇ ಮೊದಲ ಸಂಪಾದಕನಾದನು. ಆದರೆ ಪತ್ರಿಕೆಯ ಧೋರಣೆಯ ವಿಷಯದಲ್ಲಿ ಮನಸ್ತಾಪವಾಗಿ ಮೊದಲ ಸಂಚಿಕೆಯಾದ ಕೂಡಲೇ ಬಿಟ್ಟುಬಿಟ್ಟನು. ಪತ್ರಿಕೆ ಮಾತ್ರ ದಶಕಗಳ ಕಾಲ ಬಾಳಿತು. ಊರೂರ ಎಲಿವೇಟರುಗಳನ್ನು ಪ್ರಾಂತ ಸರಕಾರಗಳೇ ಕೊಂಡು ನಡೆಸಬೇಕೆಂದು ಆತನು ಮಂಡಿಸಿದ ಯೋಜನೆಗೆ ಪಾರ್ಟ್ರಿಜ್ ಯೋಜನೆಯೆಂದೇ ಹೆಸರಾಯಿತು. 1910ರಲ್ಲಿ ಮ್ಯಾನಿಟೋಬಾ ಸರಕಾರವು ಎಲಿವೇಟರುಗಳನ್ನು ಕೊಂಡು, ನಷ್ಟ ಮಾಡಿಕೊಂಡು, 1912ರಲ್ಲಿ ಅವನ್ನು ಇದೇ ರೈತರ ಕಂಪನಿಗೆ ಗುತ್ತಿಗೆ ಕೊಟ್ಟಿತು. ಸಸ್ಕಾಚೆವಾನ್ ಪ್ರಾಂತವು ಸರಕಾರದ ಒಡೆತನದ ದಾರಿಯನ್ನು ಬಿಟ್ಟು, 1911ರಲ್ಲಿ ರೈತರದೇ ಸಹಕಾರಿ ಎಲಿವೇಟರ್ ಕಂಪನಿಗೆ ಸಾಲದ ನೆರವು ಕೊಟ್ಟಿತು. ಆತನು ಹೇಳಿದ ಹಾಗೆ ಯಾವುದೂ ನಡೆಯಲಿಲ್ಲ. ಆತನು ಹೇಳದಿದ್ದರೆ ಯಾವುದೂ ನಡೆಯುತ್ತಿರಲಿಲ್ಲ.

1917ರಲ್ಲಿ ಆತನು ಕಟ್ಟಿದ ಕಂಪನಿಯು ಆಲ್ಬರ್ಟಾ ಪ್ರಾಂತದ ರೈತರ ಕಂಪನಿಯೊಡನೆ ಕೂಡಿ ಯುನೈಟೆಡ್ ಗ್ರೇನ್ ಗ್ರೋವರ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಕ್ರೆರಾರನು ಅದೇ ವರ್ಷ ದೇಶದ ಕೃಷಿಮಂತ್ರಿಯಾದನು. ಸಂಸ್ಥೆ ಬೆಳೆದಂತೆ ಸಂಸ್ಥಾಪಕನ ಮನೆ ಬರಿದಾಗುತ್ತ ಬಂದಿತು. ಕೊಯ್ಲಿನ ಯಂತ್ರಕ್ಕೆ ಸಿಕ್ಕಿ ಆತನು ಒಂದು ಪಾದವನ್ನು ಕಳೆದುಕೊಂಡಿದ್ದನು. ಮಗಳೊಬ್ಬಳು ನೀರಿನಲ್ಲಿ ಮುಳುಗಿ ತೀರಿಕೊಂಡಳು. ಮೊದಲನೆಯ ಮಹಾಯುದ್ಧವು ಇಬ್ಬರು ಗಂಡುಮಕ್ಕಳನ್ನು ಒಯ್ದಿತು. ಮುಂದೆ ಹೆಂಡತಿಯೂ ಅಗಲಿದಳು. ಇಷ್ಟಾದರೂ ಆತನು ಸಭೆಗಳಿಗೆ ಹೋಗುವುದನ್ನು ಬಿಡಲಿಲ್ಲ. ಇಪ್ಪತ್ತರ ದಶಕದಲ್ಲಿ ರೈತರು ತಮ್ಮ ಗೋದಿಯನ್ನೆಲ್ಲ ಒಟ್ಟುಗೂಡಿಸಿ ಒಂದೇ ಕೈಯಿಂದ ಮಾರುವ ಪೂಲ್ ಎಂಬ ವ್ಯವಸ್ಥೆಯನ್ನು ಕಟ್ಟಹೊರಟಾಗ, ಅರವತ್ತು ದಾಟಿದ ಆತನು ಹೊಸ ತಲೆಮಾರಿನ ಬೆನ್ನಿಗೆ ನಿಂತನು. 1924ರಲ್ಲಿ ಸಸ್ಕಾಚೆವಾನ್ ಗೋದಿ ಪೂಲ್ ಕೆಲಸಕ್ಕೆ ತೊಡಗಿತು. ಬಡತನದ ಮೇಲೆ ಯುದ್ಧ ಸಾರುವ ಒಂದು ಪುಸ್ತಕವನ್ನೂ ಆತನು ಬರೆದನು. ಕೆನಡಾದ ಪಶ್ಚಿಮ ಭಾಗವೆಲ್ಲ ಒಂದು ಸಹಕಾರಿ ರಾಜ್ಯವಾಗಬೇಕೆಂಬ ಕನಸು ಅದರಲ್ಲಿದೆ. ಪ್ರಾಂತಗಳ ಹೆಸರಿನ ಅಕ್ಷರಗಳನ್ನು ಪೋಣಿಸಿ ಆ ರಾಜ್ಯಕ್ಕೆ ಕೋಲ್ಸಮಾವೊ ಎಂಬ ವಿಚಿತ್ರ ಹೆಸರನ್ನೂ ಇಟ್ಟಿದ್ದನು.

ಕೊನೆಯ ವರ್ಷಗಳನ್ನು ಆತನು ಕಳೆದದ್ದು ಪೆಸಿಫಿಕ್ ಕರಾವಳಿಯ ವಿಕ್ಟೋರಿಯಾ ನಗರದಲ್ಲಿ. ಕೈಯಲ್ಲಿ ಹಣವಿರಲಿಲ್ಲ, ದೇಹದಲ್ಲಿ ಬಲವಿರಲಿಲ್ಲ. 1929ರಿಂದ ಗೋದಿಯ ಬೆಲೆ ಕುಸಿದು, ಪೂಲುಗಳು ಸಾಲದಲ್ಲಿ ಮುಳುಗಿ, ಬಯಲಿನಲ್ಲಿ ಬರಗಾಲ ಕಾಲಿಟ್ಟಿತು. 1931ರ ಆಗಸ್ಟಿನಲ್ಲಿ ಪಾರ್ಟ್ರಿಜನು ತಾನಾಗಿಯೇ ತನ್ನ ಜೀವವನ್ನು ಕಳೆದುಕೊಂಡನು. ಇದನ್ನು ಬರೆಯುವಾಗ ನನ್ನ ಕೈ ತಡೆಯಿತು. ರೈತರು ಹೀಗೆ ಹೋಗುವ ಸುದ್ದಿ ನಮ್ಮ ಊರುಗಳಿಗೆ ಹೊಸದಲ್ಲ. ಸಾವಿರಾರು ಮನೆಗಳ ಕಣಜಕ್ಕೆ ಕಾವಲಾದವನನ್ನು ಆತನ ಕೊನೆಗಾಲದಲ್ಲಿ ಕಾಯುವವರು ಯಾರೂ ಇರಲಿಲ್ಲವಲ್ಲ ಎಂಬ ವ್ಯಥೆಯೇ ನನಗೆ ಉಳಿದದ್ದು. ಸಂಸ್ಥೆಗಳು ಷೇರು ಬಲ್ಲವು, ಮತ ಬಲ್ಲವು. ತಮ್ಮನ್ನು ಕಟ್ಟಿದವನ ಮನೆಯ ಕದ ತಟ್ಟಿ ಊಟವಾಯಿತೇ ಎಂದು ಕೇಳುವುದು ಮನುಷ್ಯರ ಕೆಲಸ.

ಆ ಸಂಸ್ಥೆಗಳ ಗತಿಯನ್ನೂ ಹೇಳಬೇಕು. ಅವು ಬಹುಕಾಲ ಬಾಳಿದವು. ಸಸ್ಕಾಚೆವಾನ್ ಪೂಲ್ 1996ರಲ್ಲಿ ತನ್ನ ಷೇರುಗಳನ್ನು ಪೇಟೆಗೆ ಬಿಟ್ಟಿತು. ಪಾರ್ಟ್ರಿಜನ ಕಂಪನಿಯ ಪೀಳಿಗೆಯಾದ ಯುನೈಟೆಡ್ ಗ್ರೇನ್ ಗ್ರೋವರ್ಸ್ 2001ರಲ್ಲಿ ಮತ್ತೊಂದು ಸಂಸ್ಥೆಯಲ್ಲಿ ಲೀನವಾಯಿತು. 2007ರಲ್ಲಿ ಅದನ್ನು ಪೂಲ್ ಕೊಂಡು, ತಾನೂ ವೈಟೆರಾ ಎಂಬ ಹೊಸ ಹೆಸರು ಇಟ್ಟುಕೊಂಡಿತು. 2012ರಲ್ಲಿ ಅದು ವಿದೇಶದ ದೊಡ್ಡ ವ್ಯಾಪಾರ ಸಂಸ್ಥೆಯೊಂದರ ಪಾಲಾಯಿತು. ಒಬ್ಬನಿಗೆ ನಾಲ್ಕೇ ಷೇರು, ಒಬ್ಬನಿಗೆ ಒಂದೇ ಮತ ಎಂಬ ಬೇಲಿಗಳು ಒಂದೊಂದಾಗಿ ಬಿದ್ದ ಮೇಲೆ ಹೊಲಕ್ಕೆ ಯಾರು ಬೇಕಾದರೂ ನುಗ್ಗಬಹುದು. ಹಾಗೆಂದು ಪಾರ್ಟ್ರಿಜನ ದುಡಿಮೆ ವ್ಯರ್ಥವಾಯಿತೆನ್ನಲಾರೆ. ಎರಡು ಮೂರು ತಲೆಮಾರಿನ ರೈತರು ನೇರ ತೂಕದ ಬೆಲೆಯಿಂದ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಬೇಲಿಯನ್ನು ಪ್ರತಿ ತಲೆಮಾರೂ ಹೊಸದಾಗಿ ಕಟ್ಟಬೇಕೆಂಬುದೇ ಇದರ ಪಾಠವೆಂದು ನನಗೆ ತೋರುತ್ತದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅಪ್ಪ ಕೊನೆಯವರೆಗೆ ಕೇಳಿ, ಕಂಪನಿಯ ವಿಷಯ ಬಿಟ್ಟು, ಅವನು ತಿಂಗಳುಗಟ್ಟಲೆ ಪೇಟೆಯಲ್ಲಿ ಕೂತರೆ ಹೊಲಮನೆ ಯಾರು ನೋಡಿದರು ಎಂದು ಕೇಳಿದ. ಜನವರಿಯಲ್ಲಿ ಆ ನೆಲ ಹಿಮದ ಅಡಿಯಲ್ಲಿ ಮಲಗಿರುತ್ತದೆ, ಬಿತ್ತುವ ಕೆಲಸವಿಲ್ಲ ಎಂದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ, ಹಿಮ ಬಿದ್ದರೆ ದನಕ್ಕೆ ಮೇವು ಬೇಡವೇನು, ಮಕ್ಕಳಿಗೆ ಕೂಳು ಬೇಡವೇನು ಎಂದಳು. ನಾವಿಬ್ಬರೂ ಸುಮ್ಮನಾದೆವು. ಪುಸ್ತಕಗಳಲ್ಲಿ ಒಬ್ಬನ ಹೆಸರು ಇರುತ್ತದೆ. ಆ ಹೆಸರಿನ ಹಿಂದೆ ದನಕ್ಕೆ ಮೇವು ಹಾಕಿದ ಕೈಗಳಿರುತ್ತವೆ ಎಂಬುದು ಆ ಸಂಜೆ ನನಗೆ ಹೊಳೆಯಿತು.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ನಮ್ಮೂರ ಪತ್ತಿನ ಸಂಘಕ್ಕೆ ಹೋದ. ಅಪ್ಪ ಹಳೆಯ ಸದಸ್ಯ; ಆದರೆ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ ತಿಳಿಯದೆ ತಲೆಯಾಡಿಸಿ ಬರುವವನು. ಈ ವರ್ಷದ ವರದಿಯನ್ನು ಕೇಳಿ ತೆಗೆದುಕೊಂಡು ಬಂದೆವು. ನಾನು ಒಂದೊಂದು ಸಾಲನ್ನೂ ಓದಿ ಹೇಳಿದೆ. ಬೆಳೆಸಾಲ ಯಾರಿಗೆ ಎಷ್ಟು, ಅದನ್ನು ಪಡೆಯಲು ಯಾವ ಕಾಗದ ಬೇಕು ಎಂಬುದೆಲ್ಲ ಅದರಲ್ಲಿತ್ತು. ಮುಂದಿನ ಬಿತ್ತನೆಗೆ ಅಡತಿ ಅಂಗಡಿಯ ಬದಲು ಸಂಘದಿಂದ ಎತ್ತೋಣವೇ ಎಂದು ಅಪ್ಪ ತಾನಾಗಿಯೇ ಕೇಳಿದ. ಹಳೆಯ ಬಾಕಿ ತೀರದೆ ಅಂಗಡಿ ಬಿಡುವುದು ಸುಲಭವಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಅರ್ಜಿಯನ್ನು ತುಂಬಿದೆವು.

ಮಿತ್ರರೇ, ಈ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲನೆಯ ಪದವೀಧರರಾಗುವವರು ಅನೇಕರಿದ್ದೀರಿ. ನಮ್ಮಲ್ಲಿ ಎಲ್ಲರೂ ಪಾರ್ಟ್ರಿಜನಂತಹ ಮುಂದಾಳುಗಳಾಗಲಾರೆವು. ಪಾಟೀಲರಂತೆ ಸಂಘ ಕಟ್ಟಲಾರೆವು. ನೌಕರಿ ಹುಡುಕಿಕೊಂಡು ಊರು ಬಿಡುವವರೇ ಹೆಚ್ಚು. ಬಹುಶಃ ನಾನೂ ಬಿಡುವವನೇ. ಆದರೆ ಬಿಡುವ ಮುನ್ನ ಅಪ್ಪನ ಕಿಸೆಯ ಚೀಟಿಯನ್ನು ಓದಿ, ಅದರಲ್ಲಿ ಬರೆದುದನ್ನು ಅಪ್ಪನಿಗೂ ಓಣಿಯ ನಾಲ್ಕು ಜನಕ್ಕೂ ಬಿಡಿಸಿ ಹೇಳುವಷ್ಟು ವಿದ್ಯೆಯನ್ನು ಈ ಕಟ್ಟಡ ನಮಗೆ ಕೊಟ್ಟಿದೆ. ಸಿಂಟಲೂಟದ ಆ ಶಾಲಾಮಾಸ್ತರನು ಮೊದಲು ಮಾಡಿದ್ದೂ ಅಷ್ಟೇ: ಊರವರ ಪರವಾಗಿ ಹೋಗಿ, ನೋಡಿ, ಮರಳಿ ಬಂದು ತಿಳಿಯುವ ಹಾಗೆ ಹೇಳಿದನು. ಉಳಿದುದೆಲ್ಲ ಆಮೇಲೆ ಬಂದಿತು.